ಟೆಲಿವಿಷನ್ನಿನಲ್ಲಿ ಯಾವ ನಗೆ ಮೇಲು?

ರಾತ್ರಿ ಊಟದ ಹೊತ್ತಿಗೆ ಭಾಲ್ಕಿಯ ಒಂದು ಮನೆಯಲ್ಲಿ ಕುಳಿತಿದ್ದೀರಿ ಎಂದು ಭಾವಿಸಿಕೊಳ್ಳಿ. ಟೆಲಿವಿಷನ್ ಒಂದು, ನೋಡುವವರು ನಾಲ್ವರು. ಉದಗೀರದ ಕಡೆಯಿಂದ ಸೊಸೆಯಾಗಿ ಬಂದ ಅಜ್ಜಿಗೆ ಮರಾಠಿ ಹಾಸ್ಯ ಬೇಕು. ಜಹೀರಾಬಾದಿನಲ್ಲಿ ನಾಲ್ಕು ವರ್ಷ ನೌಕರಿ ಮಾಡಿಬಂದ ಕಾಕಾನಿಗೆ ತೆಲುಗು ಬೇಕು. ಅಪ್ಪನಿಗೆ ದೂರದರ್ಶನದ ಕಾಲದ ಹಳೆಯ ಹಿಂದಿ ಧಾರಾವಾಹಿಗಳೇ ಮೇಲು. ಮಗನಿಗೋ ಕನ್ನಡದ ಸ್ಕಿಟ್‌ಗಳು. "ಆಯಿ, ಜರಾ ತಡಿ, ಇದೊಂದು ಮುಗೀಲಿ" ಎನ್ನುತ್ತಾನೆ ಹುಡುಗ. "ಅದ್ರಾಗ ಏನದ, ಬರೇ ಒದರಾಟ" ಎನ್ನುತ್ತಾರೆ ಅಪ್ಪ. ಯಾವುದು ಹೆಚ್ಚು ನಗಿಸುತ್ತದೆ ಎಂಬ ಚರ್ಚೆ ಅಲ್ಲಿಗೆ ಆರಂಭವಾಗುತ್ತದೆ. ಅನ್ನ ಆರುವವರೆಗೂ ಮುಗಿಯುವುದಿಲ್ಲ.

ಇದು ಬರಿಯ ರುಚಿಯ ಪ್ರಶ್ನೆ, ಇದಕ್ಕೆ ಉತ್ತರವಿಲ್ಲ ಎಂದು ಕೈತೊಳೆದುಕೊಳ್ಳುವವರುಂಟು. ನನಗೆ ಹಾಗೆ ತೋರುವುದಿಲ್ಲ. ಬಂಗಾರಕ್ಕೆ ಒರೆಗಲ್ಲು ಇರುವಂತೆ ನಗೆಗೂ ಒಂದೆರಡು ಒರೆಗಲ್ಲುಗಳುಂಟು. ಅವನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾಲ್ಕು ಭಾಷೆಗಳ ಈ ಜಗಳ ಬೀದರ ಜಿಲ್ಲೆಗೆ ಸಹಜವಾದದ್ದು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವನ್ನು ವಿಂಗಡಿಸಿದಾಗ ಹಳೆಯ ಬೀದರ ಜಿಲ್ಲೆಯೂ ಮೂರು ಪಾಲಾಯಿತು. ಭಾಲ್ಕಿ, ಔರಾದ, ಹುಮನಾಬಾದ ಮೈಸೂರು ರಾಜ್ಯಕ್ಕೆ ಬಂದವು; ಉದಗೀರ, ನಿಲಂಗಾ, ಅಹಮದಪುರ ಮುಂಬಯಿಗೆ ಹೋದವು; ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೆ ಸೇರಿದವು. ನಕಾಶೆಯಲ್ಲಿ ಗೆರೆ ಬಿದ್ದಿತಾದರೂ ಬೀಗತನಕ್ಕೆ ಗೆರೆ ಬೀಳಲಿಲ್ಲ. ಇನ್ನು ಟೆಲಿವಿಷನ್ ಬಂದ ಬಗೆಯೂ ಸ್ವಾರಸ್ಯವಾಗಿದೆ. ಗುಲ್ಬರ್ಗದಲ್ಲಿ 1966ರಲ್ಲಿ ಆಕಾಶವಾಣಿ ಬಂತು. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೆಲಿವಿಷನ್ ತೋರಿಸುವ ಪ್ರಯೋಗ ನಡೆದಾಗ ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಗುಲ್ಬರ್ಗ, ರಾಯಚೂರು, ವಿಜಾಪುರ ಸೀಮೆಯ ಹಳ್ಳಿಗಳನ್ನು. 1977ರಲ್ಲಿ ಗುಲ್ಬರ್ಗಕ್ಕೆ ದೂರದರ್ಶನ ಬಂತು. ಬೆಂಗಳೂರಿಗೆ ಬಂದದ್ದು 1981ರಲ್ಲಿ. ಹಿಂದುಳಿದ ಸೀಮೆ ಎನಿಸಿಕೊಂಡ ನಮ್ಮ ಕಡೆಗೇ ಈ ಒಂದು ವಿಷಯದಲ್ಲಿ ಮೊದಲ ಪಂಕ್ತಿ!

ಈಗ ವಿಷಯಕ್ಕೆ ಬರೋಣ. ಟೆಲಿವಿಷನ್ನಿನ ಹಾಸ್ಯದಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ವಾರವಾರವೂ ಅದೇ ಮನೆ, ಅದೇ ಜನ, ಹೊಸ ಫಜೀತಿ ಎಂಬ ಧಾಟಿಯ ಧಾರಾವಾಹಿ. ಇದನ್ನು ಸಿಟ್‌ಕಾಂ ಎನ್ನುತ್ತಾರೆ. ಎರಡನೆಯದು, ಐದು ಹತ್ತು ನಿಮಿಷಗಳಲ್ಲಿ ಮುಗಿದುಹೋಗುವ ಕಿರುಪ್ರಹಸನ, ಅಂದರೆ ಸ್ಕಿಟ್. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಅನ್ಯಾಯವಾಗುತ್ತದೆ. ಏಕೆಂದರೆ ಇವು ನಗಿಸುವ ರೀತಿಯೇ ಬೇರೆ.

ಸಿಟ್‌ಕಾಂನ ಗುಟ್ಟು ಇಷ್ಟೆ: ಅದರ ಜನ ಎಂದಿಗೂ ಬುದ್ಧಿ ಕಲಿಯಬಾರದು. 2001ರಲ್ಲಿ ಆರಂಭವಾದ ತೆಲುಗಿನ 'ಅಮೃತಂ' ಧಾರಾವಾಹಿಯನ್ನೇ ನೋಡಿ. ಅಮೃತರಾವ್ ಮತ್ತು ಆಂಜನೇಯಲು ಎಂಬ ಇಬ್ಬರು ಮಿತ್ರರು ಒಂದು ಹೋಟೆಲು ನಡೆಸುತ್ತಾರೆ. ಪ್ರತಿ ಕಂತಿನಲ್ಲೂ ಉದ್ಧಾರವಾಗಲು ಒಂದು ಹೊಸ ಉಪಾಯ. ಕಂತಿನ ಕೊನೆಗೆ ಹಳೆಯ ಪಾಡೇ. ಅವರ ಹೋಟೆಲು ಒಂದು ದಿನ ನಿಜವಾಗಿ ಲಾಭಕ್ಕೆ ಬಂದಿದ್ದರೆ ಧಾರಾವಾಹಿ ಅಂದೇ ಮುಗಿಯುತ್ತಿತ್ತು. ಕನ್ನಡದ 'ಪಾ ಪ ಪಾಂಡು'ವಿನಲ್ಲಿ ಹೆಂಡತಿಗೆ ಹೆದರುವ ಪಾಂಡು, 'ಸಿಲ್ಲಿ ಲಲ್ಲಿ'ಯಲ್ಲಿ ಸಮಾಜಸೇವೆಯ ಹುಚ್ಚಿನ ಲಲ್ಲಿ ಮತ್ತು ಆಕೆಯ ಮನೆಯ ಡಾಕ್ಟರ್ ವಿಠಲ್ ರಾವ್, ಇವರೆಲ್ಲರೂ ಇದೇ ಕುಲದವರು. ಇವೆರಡೂ ಬಂದದ್ದು ಈ ಶತಮಾನದ ಮೊದಲ ದಶಕದಲ್ಲಿ, ಆಗಿನ ಈಟಿವಿ ಕನ್ನಡ ವಾಹಿನಿಯಲ್ಲಿ. ಪಾಂಡು ಏನು ಮಾಡಿಯಾನೆಂದು ನಮಗೆ ಮೊದಲೇ ಗೊತ್ತು. ಗೊತ್ತಿದ್ದೂ ಕಾಯುತ್ತೇವೆ. ಆತ ಹಾಗೆಯೇ ಮಾಡಿದಾಗ ನಮ್ಮ ನೆರೆಮನೆಯವರ ಸ್ವಭಾವ ಕಂಡಂತಾಗಿ ನಗುತ್ತೇವೆ. ಹೀಗೆ ಸಿಟ್‌ಕಾಂನ ನಗೆ ಪರಿಚಯದಿಂದ ಹುಟ್ಟುವ ನಗೆ. ಅದಕ್ಕೆ ಸಮಯ ಬೇಕು. ಮೊದಲ ಕಂತಿನಲ್ಲಿ ನಗು ಬರಲಿಲ್ಲವೆಂದು ಬಿಟ್ಟೇಳುವುದು ಸರಿಯಲ್ಲ.

ಸ್ಕಿಟ್ ಹಾಗಲ್ಲ. ಅದಕ್ಕೆ ಪರಿಚಯ ಮಾಡಿಕೊಳ್ಳಲು ವೇಳೆಯಿಲ್ಲ. ಒಂದು ನಿರೀಕ್ಷೆ ಹುಟ್ಟಿಸಿ, ಥಟ್ಟನೆ ಅದನ್ನು ತಲೆಕೆಳಗು ಮಾಡಬೇಕು. ತೆಲುಗಿನ 'ಜಬರ್ದಸ್ತ್' 2013ರಲ್ಲಿ, ಮರಾಠಿಯ 'ಚಲಾ ಹವಾ ಯೇವೂ ದ್ಯಾ' 2014ರಲ್ಲಿ, ಕನ್ನಡದ 'ಕಾಮಿಡಿ ಕಿಲಾಡಿಗಳು' 2016ರಲ್ಲಿ ಬಂದವು. ಮೂರು ಭಾಷೆಗಳಲ್ಲೂ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಈ ಬೆಳೆ ಬಂದದ್ದನ್ನು ಗಮನಿಸಿ. ಇವುಗಳಿಂದ ಆದ ಒಂದು ದೊಡ್ಡ ಉಪಕಾರವೆಂದರೆ, ಸಣ್ಣ ಊರುಗಳ ನಟರಿಗೆ ರಂಗ ಸಿಕ್ಕಿತು. ಬೆಳಗಾವಿ ಸೀಮೆಯ ಸಂಜು ಬಸಯ್ಯನಂಥವರು ನಾಡಿಗೆ ಪರಿಚಿತರಾದದ್ದು ಹೀಗೆಯೇ. ತೊಂದರೆಯೂ ಉಂಟು. ವಾರವಾರವೂ ಹೊಸ ತಿರುವು ಹುಡುಕುವುದು ಸುಲಭವಲ್ಲ. ತಿರುವು ಸಿಗದಿದ್ದಾಗ ಗಂಡಸಿಗೆ ಸೀರೆ ಉಡಿಸುವುದು, ದಪ್ಪಗಿರುವವರನ್ನು ಆಡಿಕೊಳ್ಳುವುದು, ಗಂಟಲು ಹರಿಯುವಂತೆ ಕೂಗುವುದು, ಇವೇ ಬಂಡವಾಳವಾಗುತ್ತವೆ. ಅಪ್ಪ 'ಒದರಾಟ' ಎಂದದ್ದರಲ್ಲಿ ಸ್ವಲ್ಪ ಸತ್ಯವಿದೆ.

ಇನ್ನು ಒರೆಗಲ್ಲುಗಳು. ಮೊದಲನೆಯದು ರೇಡಿಯೊದ ಒರೆಗಲ್ಲು. ಟೆಲಿವಿಷನ್ನಿಗೆ ಬೆನ್ನು ಮಾಡಿ ಕುಳಿತು ಹಾಸ್ಯವನ್ನು ಬರಿಯ ಕಿವಿಯಿಂದ ಕೇಳಿ. ಮಾತಿನಲ್ಲಿ ಸತ್ವವಿದ್ದರೆ ಆಗಲೂ ನಗು ಬರುತ್ತದೆ. ಇದು ರೇಡಿಯೊ ಅಭಿಮಾನದಿಂದ ಹೇಳುವ ಮಾತಲ್ಲ. ಟೆಲಿವಿಷನ್ನಿನ ಹಾಸ್ಯ ನಡೆಯಲು ಕಲಿತದ್ದು ರೇಡಿಯೊದ ಕೈ ಹಿಡಿದು. ಬ್ರಿಟನ್ನಿನ 'ಹ್ಯಾನ್ಕಾಕ್ಸ್ ಹಾಫ್ ಅವರ್' 1954ರಲ್ಲಿ ರೇಡಿಯೊದಲ್ಲಿ ಆರಂಭವಾಗಿ, 1956ರಲ್ಲಿ ಟೆಲಿವಿಷನ್ನಿಗೆ ಬಂತು. ನಮ್ಮಲ್ಲಿ ಬೆಂಗಳೂರು ಆಕಾಶವಾಣಿಯ ಎ. ಎಸ್. ಮೂರ್ತಿಯವರನ್ನು ಜನ 'ಈರಣ್ಣ' ಎಂಬ ಪಾತ್ರದ ಹೆಸರಿನಿಂದಲೇ ಗುರುತಿಸುತ್ತಿದ್ದರು. ಮುಖ ಕಾಣದಿದ್ದರೂ ಮನುಷ್ಯ ಕಾಣುತ್ತಿದ್ದ. ಬೆನ್ನು ಮಾಡಿ ಕೇಳುವಾಗ ಇನ್ನೊಂದನ್ನೂ ಗಮನಿಸಿ: ನಗುತ್ತಿರುವವರು ಯಾರು? ಅಮೆರಿಕದಲ್ಲಿ 1950ರ ದಶಕದಲ್ಲಿ ಚಾರ್ಲ್ಸ್ ಡಗ್ಲಸ್ ಎಂಬ ಧ್ವನಿ ಎಂಜಿನಿಯರು ನಗೆಯ ಧ್ವನಿಗಳನ್ನು ಪೆಟ್ಟಿಗೆಯಲ್ಲಿ ತುಂಬಿಟ್ಟು, ಗುಂಡಿ ಒತ್ತಿದರೆ ಬೇಕಾದಷ್ಟು ನಗೆ ಬರುವ ಯಂತ್ರವನ್ನು ಮಾಡಿದ. ಅಂದಿನಿಂದ ಜೋಕು ಸೋತರೂ ನಗೆ ಸೋಲುವುದಿಲ್ಲ. ಪೆಟ್ಟಿಗೆ ನಕ್ಕಾಗ ನೀವೂ ನಕ್ಕಿರೋ ಇಲ್ಲವೋ, ಅದು ಮುಖ್ಯ.

ಎರಡನೆಯದು ಇದಕ್ಕೆ ತಿರುಗುಮುರುಗು: ಧ್ವನಿ ಅಡಗಿಸಿ ನೋಡಿ. 1990ರಲ್ಲಿ ಬಂದ 'ಮಿಸ್ಟರ್ ಬೀನ್' ಮಾತೇ ಆಡದೆ ಲೋಕವನ್ನು ನಗಿಸಿದ. ಭಾಲ್ಕಿಯ ಮೊಮ್ಮಗನೂ ಅಜ್ಜಿಯೂ ಅವನಿಗೆ ಒಟ್ಟಿಗೇ ನಗಬಲ್ಲರು. 1984ರ 'ಯೇ ಜೋ ಹೈ ಜಿಂದಗಿ'ಯಲ್ಲಿ ಸತೀಶ್ ಶಾಹ ಕಂತಿಗೊಂದು ಹೊಸ ವೇಷದಲ್ಲಿ ಬರುತ್ತಿದ್ದರು. ಇಂದಿನ ಕಂತಿನಲ್ಲಿ ಯಾರಾಗಿ ಬಂದಾರೆಂಬ ಕುತೂಹಲವೇ ಅರ್ಧ ನಗೆಯಾಗುತ್ತಿತ್ತು. ಒಂದು ಹಾಸ್ಯ ಈ ಎರಡು ಪರೀಕ್ಷೆಗಳಲ್ಲಿ ಒಂದರಲ್ಲಾದರೂ ಗೆಲ್ಲಬೇಕು. ಎರಡರಲ್ಲೂ ಸೋತರೆ ಅದರಲ್ಲಿ ಇದ್ದದ್ದು ಗದ್ದಲವೊಂದೇ.

ಮೂರನೆಯ ಒರೆಗಲ್ಲೇ ಎಲ್ಲಕ್ಕಿಂತ ಖಚಿತವಾದದ್ದು. ನೋಡಿದ ಹಾಸ್ಯವನ್ನು ಮಾರನೆಯ ದಿನ ನಿಮ್ಮ ಮನೆಮಾತಿನಲ್ಲಿ, ಅದನ್ನು ನೋಡದವರಿಗೆ ಹೇಳಿ. ಅವರೂ ನಕ್ಕರೆ ಅದು ಗಟ್ಟಿ ಹಾಸ್ಯ. ಒಂದು ಉದಾಹರಣೆ ಕೊಡುತ್ತೇನೆ. 2001ರಲ್ಲಿ 'ಆಫೀಸ್ ಆಫೀಸ್' ಎಂಬ ಹಿಂದಿ ಧಾರಾವಾಹಿ ಬಂತು. ಪಂಕಜ್ ಕಪೂರ್ ಅಭಿನಯಿಸಿದ ಮುಸದ್ದಿಲಾಲ್ ಎಂಬ ಬಡಪಾಯಿ ಪ್ರತಿ ಕಂತಿನಲ್ಲೂ ಒಂದು ಸಣ್ಣ ಕೆಲಸಕ್ಕಾಗಿ ಕಚೇರಿಗೆ ಹೋಗುತ್ತಾನೆ. ಕಚೇರಿ ಯಾವುದಾದರೂ ಇರಲಿ, ಅಲ್ಲಿರುವವರು ಅದೇ ನಟರು: ಒಬ್ಬ ಸದಾ ತಿನ್ನುತ್ತಿರುತ್ತಾನೆ, ಒಬ್ಬ ಬಾಯಿ ತುಂಬ ಪಾನು ತುಂಬಿಕೊಂಡಿರುತ್ತಾನೆ. 2011ರಲ್ಲಿ ಇದೇ ಮುಸದ್ದಿಲಾಲ್ ಚಲನಚಿತ್ರದಲ್ಲಿ ಬಂದಾಗ ಅವನ ಪೆನ್ಷನ್ ನಿಂತಿತ್ತು. ಕಾಗದದಲ್ಲಿ ಅವನು ಸತ್ತುಹೋಗಿದ್ದ. ಇದನ್ನು ನಮ್ಮ ಕಡೆಯ ಮಾತಿಗೆ ತಿರುಗಿಸಿ ನೋಡಿ:

"ಸಾಹೇಬ್ರೇ, ನಾ ಇನ್ನಾ ಜೀವಂತ ಇದ್ದೀನ್ರಿ."

"ಕಾಗದದಾಗ ಇಲ್ರಿ ನೀವು."

"ನಿಮ್ಮೆದ್ರಿಗೆ ನಿಂತೀನಲ್ರಿ!"

"ನಿಂತ್ರ ಏನಾತ್ರಿ? ಜೀವಂತ ಇದ್ದೀರಿ ಅಂತ ಬರಸ್ಕೊಂಡ್ ಬರ್ರಿ."

ಈ ನಾಲ್ಕು ಮಾತು ನಾನು ಕಟ್ಟಿದ್ದು, ಚಿತ್ರದ ಸಂಭಾಷಣೆಯಲ್ಲ. ಆದರೂ ನಗೆ ದಾಟಿ ಬಂತಷ್ಟೆ? ಪಂಕಜ್ ಕಪೂರ್ ಇಲ್ಲ, ಹಿಂದಿಯಿಲ್ಲ, ಕ್ಯಾಮೆರಾ ಇಲ್ಲ. ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದವರಿಗೆಲ್ಲ ಅದು ತಮ್ಮದೇ ಕಥೆ. ಬ್ರಿಟನ್ನಿನಲ್ಲಿ 1980ರಲ್ಲಿ ಬಂದ 'ಯೆಸ್ ಮಿನಿಸ್ಟರ್' ಇಪ್ಪತ್ತು ವರ್ಷಗಳ ಮೇಲೆ ಹಿಂದಿಯಲ್ಲಿ 'ಜೀ ಮಂತ್ರೀಜೀ'ಯಾದದ್ದೂ ಇದೇ ಕಾರಣಕ್ಕೆ. ಮಂತ್ರಿಯನ್ನು ನಯವಾದ ಮಾತಿನಲ್ಲಿ ಕಟ್ಟಿಹಾಕುವ ಅಧಿಕಾರಿ ಲಂಡನ್ನಿಗೆ ಮಾತ್ರ ಮೀಸಲಲ್ಲ.

ಈ ಮೂರನೆಯ ಪರೀಕ್ಷೆಯಲ್ಲಿ ಒಂದು ಬಗೆಯ ಹಾಸ್ಯ ತಪ್ಪದೆ ಸೋಲುತ್ತದೆ. ನಾನು ಮುಖ್ಯವಾಗಿ ಹೇಳಬೇಕಾದದ್ದು ಅದನ್ನೇ. ಕೆಲವು ಕಾರ್ಯಕ್ರಮಗಳಲ್ಲಿ ಉತ್ತರ ಕರ್ನಾಟಕದವನೊಬ್ಬ ಬರುತ್ತಾನೆ. ಸಾಮಾನ್ಯವಾಗಿ ಅವನು ಕಾವಲುಗಾರ, ಇಲ್ಲವೆ ಅಡಿಗೆಯಾಳು. ಮಾತಿಗೊಂದು 'ರೀ' ಅಂಟಿಸುತ್ತಾನೆ. ಧಾರವಾಡ, ವಿಜಾಪುರ, ಬೀದರ ಎಲ್ಲವನ್ನೂ ಒಂದೇ ಗಡಿಗೆಯಲ್ಲಿ ಕಲಸಿದ ಭಾಷೆ ಅವನದು. ಅವನು ಬಾಯಿ ತೆರೆದೊಡನೆ ಪೆಟ್ಟಿಗೆಯ ನಗೆ ಹರಿಯುತ್ತದೆ. ಅವನು ಹೇಳಿದ್ದೇನು? ಏನೂ ಇಲ್ಲ, "ಊಟ ಆತೇನ್ರಿ" ಎಂದನಷ್ಟೆ. ಈಗ ಇದನ್ನು ನಮ್ಮ ಮನೆಮಾತಿನಲ್ಲಿ ತಿರುಗಿ ಹೇಳಲು ಹೋಗಿ. ಹೇಳುವುದೇನು? ಅದು ನಮ್ಮ ಮನೆಮಾತೇ! ನಮ್ಮ ಅವ್ವ ದಿನವೂ ಆಡುವ ಮಾತು. ಅಲ್ಲಿ ನಗಲು ಏನೂ ಇಲ್ಲ.

ಇದು ಚಿಕ್ಕ ವಿಷಯವೆಂದು ತಳ್ಳಿಹಾಕಬೇಡಿ. ಈ ನಗೆಯನ್ನು ಕೇಳಿ ಬೆಳೆದ ಹುಡುಗ ಕಾಲೇಜಿಗೆಂದು ಬೆಂಗಳೂರಿಗೆ ಹೋದಾಗ, ಗೆಳೆಯರ ಎದುರಿಗೆ ಊರಿನಿಂದ ಫೋನು ಬಂದರೆ ಹೊರಗೆದ್ದು ಹೋಗಿ ಮಾತಾಡುತ್ತಾನೆ. ತಾಯಿಯೊಡನೆ ಆಡುವ ಮಾತು ನಾಲ್ಕು ಜನ ಕೇಳಬಾರದ ಮಾತಾಗುತ್ತದೆ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಶಾಲೆಯ ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ನಾಡಿಗೆ ತಿಳಿದದ್ದೇ. ಅಷ್ಟು ಜತನದಿಂದ ಉಳಿಸಿದ ನುಡಿಯನ್ನು ಅದರ ಮಕ್ಕಳೇ ಬಾಗಿಲ ಹೊರಗೆ ಹೋಗಿ ಪಿಸುಗುಟ್ಟಬೇಕೆ?

ಹಾಗಾದರೆ ಪ್ರಾಂತದ ನುಡಿಯಲ್ಲಿ ಹಾಸ್ಯವೇ ಬೇಡವೆ? ಬೇಕು, ಖಂಡಿತ ಬೇಕು. ನಮ್ಮ ಚಿಟಗುಪ್ಪದಲ್ಲಿ 1922ರಲ್ಲಿ ಹುಟ್ಟಿದ ಸುಲೇಮಾನ್ ಖತೀಬ್ ಅದಕ್ಕೆ ದಾರಿ ತೋರಿದವರು. ಉತ್ತರದ ಉರ್ದು ಪಂಡಿತರು ಹಗುರಾಗಿ ಕಾಣುತ್ತಿದ್ದ ದಖನಿಯಲ್ಲೇ ಅವರು ನಗೆಗವನ ಬರೆದರು. ಅಲ್ಲಿ ದಖನಿ ನಗೆಗೀಡಾಗಲಿಲ್ಲ. ಲೋಕವನ್ನು ನೋಡಿ ದಖನಿಯೇ ನಕ್ಕಿತು. ಕನ್ನಡದಲ್ಲಿ ಬೀಚಿಯವರೂ, ಅವರ ಹಾದಿಯಲ್ಲಿ ಗಂಗಾವತಿ ಪ್ರಾಣೇಶರೂ ಮಾಡಿದ್ದು ಇದನ್ನೇ. ಪ್ರಾಣೇಶರ ಭಾಷಣಕ್ಕೆ ಮೈಸೂರಿನವರೂ ನಗುತ್ತಾರೆ. ನಗುವುದು ಅವರ ಉಚ್ಚಾರಕ್ಕಲ್ಲ, ಆ ಉಚ್ಚಾರದಲ್ಲಿ ಮೂಡಿದ ವಿಚಾರಕ್ಕೆ. ನಾವೂ ನಮ್ಮನ್ನು ನೋಡಿಕೊಳ್ಳಬೇಕು. ಮಂಗಳೂರಿನವರ ಪುಸ್ತಕದಂಥ ಕನ್ನಡವನ್ನು ಅಣಕಿಸಿದಾಗ ನಾವೂ ನಕ್ಕಿದ್ದೇವೆ. ಅವರ ಮನೆಯಲ್ಲೂ ಮಕ್ಕಳಿದ್ದಾರೆ.

ಇನ್ನು ತೀರ್ಪು. ನನ್ನನ್ನು ಕೇಳಿದರೆ, ಸಿಟ್‌ಕಾಂಗಳಲ್ಲಿ 'ಆಫೀಸ್ ಆಫೀಸ್'ಗೆ ಮೊದಲ ಮಣೆ. ಮೂರು ಕಲ್ಲುಗಳ ಮೇಲೂ ಅದು ಬಣ್ಣ ಬಿಡಲಿಲ್ಲ. 'ಅಮೃತಂ' ಅದರ ಮಗ್ಗುಲಲ್ಲೇ ಕೂಡಬಹುದು. ಕನ್ನಡದಲ್ಲಿ ಪಾಂಡುವನ್ನು ಬಿಟ್ಟುಕೊಡಲಾರೆ. ಸ್ಕಿಟ್‌ಗಳಿಗೆ ಕಾರ್ಯಕ್ರಮದ ಲೆಕ್ಕದಲ್ಲಿ ಅಂಕ ಕೊಡದೆ ಒಂದೊಂದನ್ನೇ ಬೇರೆಬೇರೆಯಾಗಿ ಒರೆಗೆ ಹಚ್ಚಬೇಕು. ಹತ್ತರಲ್ಲಿ ಎರಡು ಚೆನ್ನಾಗಿದ್ದರೆ ಆ ಎರಡು ನಿಜವಾಗಿಯೂ ಚೆನ್ನಾಗಿರುತ್ತವೆ. ನನ್ನ ಪಟ್ಟಿ ನಿಮಗೆ ಒಪ್ಪಿಗೆಯಾಗದಿದ್ದರೆ ಚಿಂತೆಯಿಲ್ಲ. ಹಳೆಯ ಕಂತುಗಳು ಈಗ ಮೊಬೈಲಿನಲ್ಲೂ ಸಿಕ್ಕುತ್ತವೆ. ಬರುವ ಭಾನುವಾರ ಮನೆಮಂದಿ ಕುಳಿತು ನೋಡಿ. ಅಜ್ಜಿ ಮರಾಠಿಯದನ್ನು ಕನ್ನಡದಲ್ಲಿ ಹೇಳಲಿ, ಕಾಕಾ ತೆಲುಗಿನದನ್ನು ಹೇಳಲಿ, ಹುಡುಗ ತನ್ನ ಸ್ಕಿಟ್ಟನ್ನು ಕೂಗದೆ ಹೇಳಲಿ. ಎಲ್ಲರೂ ಒಟ್ಟಿಗೆ ನಕ್ಕದ್ದು ಯಾವುದಕ್ಕೋ, ಆ ದಿನದ ಮಟ್ಟಿಗೆ ಅದೇ ಮೇಲು.