ಒಂದೂವರೆ ಸೆಕೆಂಡಿನ ವಿದ್ಯೆ

ಚಾಕು ಹಿಡಿದವನೊಬ್ಬ 21 ಅಡಿ ದೂರದಿಂದ ನುಗ್ಗಿ ಬಂದರೆ ಎದುರಿಗಿರುವವನನ್ನು ಮುಟ್ಟಲು ಎಷ್ಟು ಹೊತ್ತು ಬೇಕು? ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಪೊಲೀಸರಿಗೆ ಬಂದೂಕು ತರಬೇತಿ ಕೊಡುತ್ತಿದ್ದ ಡೆನಿಸ್ ಟ್ಯೂಲರ್ ಓಡಿಸಿಯೇ ಅಳೆದು ನೋಡಿದರು. ಸಿಕ್ಕ ಉತ್ತರ ಸುಮಾರು ಒಂದೂವರೆ ಸೆಕೆಂಡು. ಪಳಗಿದ ಪೊಲೀಸನೊಬ್ಬ ಸೊಂಟದ ಪಿಸ್ತೂಲು ಸೆಳೆದು ಗುರಿಗೆ ಹೊಡೆಯಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. 1983ರಲ್ಲಿ ಅವರು ಬರೆದ ಲೇಖನದಿಂದ ಈ ಲೆಕ್ಕ ಅಲ್ಲಿನ ತರಬೇತುದಾರರ ಬಾಯಲ್ಲೆಲ್ಲ ಹರಿದಾಡಿತು. ಆತ್ಮರಕ್ಷಣೆಗೆಂದು ಪಿಸ್ತೂಲು ಇಟ್ಟುಕೊಂಡು ಓಡಾಡುವ ಸಾಮಾನ್ಯ ನಾಗರಿಕನಾದರೋ ಅದನ್ನು ಅಂಗಿಯ ಮರೆಯಲ್ಲಿ ಇಟ್ಟಿರುತ್ತಾನೆ. ಅಂಗಿ ಎತ್ತುವ ಹೊತ್ತೂ ಆ ಒಂದೂವರೆ ಸೆಕೆಂಡಿನಲ್ಲೇ ಸೇರಬೇಕು.

ಅಂಥವರ ಸಂಖ್ಯೆ ಸಣ್ಣದಲ್ಲ. ಪ್ಯೂ ಸಂಶೋಧನಾ ಕೇಂದ್ರ 2023ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಅಮೆರಿಕದ ವಯಸ್ಕರಲ್ಲಿ ಶೇ. 32 ಮಂದಿಯ ಬಳಿ ಬಂದೂಕಿದೆ. ಅವರಲ್ಲಿ ಶೇ. 72 ಮಂದಿಗೆ ರಕ್ಷಣೆ ಒಂದು ಮುಖ್ಯ ಕಾರಣ. ಅಲ್ಲಿನ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಇಂದು ಪಿಸ್ತೂಲನ್ನು ಮರೆಯಲ್ಲಿಟ್ಟು ತಿರುಗಾಡಲು ಪರವಾನಗಿಯೇ ಬೇಕಿಲ್ಲ. ನ್ಯೂಯಾರ್ಕ್ ರಾಜ್ಯ ಮಾತ್ರ 2022ರ ಕಾನೂನಿನಲ್ಲಿ ಆ ಪರವಾನಗಿಗೆ 16 ಗಂಟೆಯ ಪಾಠ, 2 ಗಂಟೆಯ ಗುಂಡು ಹಾರಿಸುವ ಅಭ್ಯಾಸ ಕಡ್ಡಾಯ ಮಾಡಿದೆ. ಅದೇ ದೇಶದ 2004ರ ಕೇಂದ್ರ ಕಾನೂನೊಂದು ನಿವೃತ್ತ ಪೊಲೀಸರಿಗೆ ದೇಶದಾದ್ಯಂತ ಪಿಸ್ತೂಲು ಒಯ್ಯಲು ಅವಕಾಶ ಕೊಡುತ್ತದೆ, ಆದರೆ ವರ್ಷಕ್ಕೊಮ್ಮೆ ಗುರಿ ಪರೀಕ್ಷೆ ಪಾಸಾಗಿರಬೇಕು. ಹತ್ತಾರು ವರ್ಷ ಆಯುಧದ ಜೊತೆಗೇ ಬದುಕಿದವರ ಕೈಯೂ ಪಳಗಿಯೇ ಉಳಿದಿರುತ್ತದೆಂದು ಆ ಕಾನೂನು ನಂಬಿಲ್ಲ. ಅದು ಸರಿಯಾದ ಎಚ್ಚರವೇ.

ಸೈಕಲ್ ಹೊಡೆಯಲು ಒಮ್ಮೆ ಕಲಿತರೆ ಮರೆಯುವುದಿಲ್ಲವಲ್ಲ, ಇದೂ ಹಾಗೇ ಅಲ್ಲವೇ? ಅಲ್ಲ. ಸೈಕಲ್, ಈಜು ಎಡೆಬಿಡದೆ ಹರಿಯುವ ಚಲನೆಗಳು. ಪಿಸ್ತೂಲು ಸೆಳೆಯುವುದು ಬಿಡಿಬಿಡಿ ಹೆಜ್ಜೆಗಳ ಸರಪಳಿ: ಅಂಗಿ ಎತ್ತು, ಹಿಡಿಕೆ ಹಿಡಿ, ಹೊರತೆಗೆ, ಗುರಿ ಕೂಡಿಸು, ಬೆರಳನ್ನು ಕೊನೆಯ ಗಳಿಗೆಯವರೆಗೂ ಟ್ರಿಗರಿನಿಂದ ದೂರವಿಡು. ಇಂಥ ಸರಪಳಿಯಲ್ಲಿ ಬಳಸದಿದ್ದರೆ ಕೊಂಡಿಗಳು ಬಹುಬೇಗ ಕಳಚಿಕೊಳ್ಳುತ್ತವೆ. ಎದೆ ಒತ್ತಿ ಜೀವ ಉಳಿಸುವ ಸಿಪಿಆರ್ ಕಲಿತವರನ್ನು ನೋಡಿದರೆ ಇದು ಸ್ಪಷ್ಟ. ತರಬೇತಿಯಾದ ಕೆಲವೇ ತಿಂಗಳಲ್ಲಿ ಅವರ ಕೌಶಲ ಇಳಿಮುಖವಾಗುತ್ತದೆ. ‘ಸ್ನಾಯುಗಳಿಗೆ ನೆನಪಿರುತ್ತದೆ’ ಎಂಬ ಮಾತಿದೆ, ಆದರೆ ನೆನಪು ಕೂತಿರುವುದು ಸ್ನಾಯುವಿನಲ್ಲಲ್ಲ, ಮಿದುಳಿನಲ್ಲಿ.

ಆ ಮಿದುಳಿಗೆ ಭಯ ಹತ್ತಿದಾಗ ಆಟವೇ ಬೇರೆ. ಅಡ್ರಿನಲಿನ್ ನುಗ್ಗಿ ಎದೆ ಡವಗುಟ್ಟುತ್ತದೆ, ಬೆರಳು ನಡುಗುತ್ತವೆ, ನೋಟ ಕೊಳವೆಯೊಳಗಿಂದ ನೋಡಿದಂತೆ ಕಿರಿದಾಗುತ್ತದೆ. ನ್ಯೂಯಾರ್ಕ್ ನಗರದ ಪೊಲೀಸರ ಬಗ್ಗೆ ರ‍್ಯಾಂಡ್ ಸಂಸ್ಥೆ 2008ರಲ್ಲಿ ಕೊಟ್ಟ ವರದಿ ಇದಕ್ಕೆ ಕನ್ನಡಿ. 1998ರಿಂದ 2006ರವರೆಗೆ ಎರಡೂ ಕಡೆಯಿಂದ ಗುಂಡು ಹಾರಿದ ಘಟನೆಗಳಲ್ಲಿ ಅವರ ಗುಂಡುಗಳ ಪೈಕಿ ಗುರಿ ಮುಟ್ಟಿದ್ದು ಸರಾಸರಿ ಶೇ. 18 ಮಾತ್ರ. ಉಳಿದ ಗುಂಡುಗಳೂ ಎಲ್ಲೋ ಒಂದು ಕಡೆ ಬಿದ್ದಿರಲೇಬೇಕು. 2012ರ ಆಗಸ್ಟ್ 24ರಂದು ಎಂಪೈರ್ ಸ್ಟೇಟ್ ಕಟ್ಟಡದ ಮುಂದೆ ಪೊಲೀಸರು ಕೊಲೆಗಾರನೊಬ್ಬನತ್ತ 16 ಗುಂಡು ಹಾರಿಸಿದಾಗ ದಾರಿಹೋಕರು ಒಂಬತ್ತು ಮಂದಿ ಗಾಯಗೊಂಡರು.

ಹಾಗಾದರೆ ಅಭ್ಯಾಸ ಎಂಥದಿರಬೇಕು? ನೆದರ್ಲೆಂಡ್ಸ್‌ನ ಸಂಶೋಧಕ ರೌಲ್ ಔಡೆಯಾನ್ಸ್ ಪೊಲೀಸರ ಒಂದು ಗುಂಪಿಗೆ ರಟ್ಟಿನ ಗುರಿ ಕೊಟ್ಟರು, ಇನ್ನೊಂದಕ್ಕೆ ತಿರುಗಿ ಹೊಡೆಯುವ ಮನುಷ್ಯರನ್ನೇ ಎದುರಾಳಿಗಳಾಗಿ ನಿಲ್ಲಿಸಿದರು. ಹಾರಿದ್ದು ಬಣ್ಣದ ಸಾಬೂನಿನ ತೋಟಾ, ಮೈಗೆ ಬಿದ್ದರೆ ಚುರುಗುಟ್ಟುತ್ತದೆ. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕೆಲವೇ ಪಾಠಗಳ ನಂತರ ಎರಡನೆಯ ಗುಂಪಿನವರ ಗುರಿ ಒತ್ತಡದಲ್ಲೂ ಕೆಡಲಿಲ್ಲ. ರಟ್ಟಿಗೆ ಹೊಡೆದವರದು ಮೊದಲಿನಂತೆಯೇ ಕೆಟ್ಟಿತು.

ಗುರಿಗಿಂತಲೂ ಹೆಚ್ಚು ಅಭ್ಯಾಸ ಬೇಕಾದದ್ದು ಹೊಡೆಯದೆ ಇರುವುದಕ್ಕೆ. 1999ರ ಫೆಬ್ರುವರಿ 4ರಂದು ನ್ಯೂಯಾರ್ಕಿನಲ್ಲಿ ಅಮಾಡು ಡಿಯಾಲೋ ಎಂಬ ನಿರಾಯುಧ ತರುಣ ತನ್ನ ಮನೆ ಬಾಗಿಲಲ್ಲಿ ಕೈಗೆತ್ತಿಕೊಂಡದ್ದು ಪರ್ಸು. ನಾಲ್ವರು ಪೊಲೀಸರ ಕಣ್ಣಿಗೆ ಅದು ಪಿಸ್ತೂಲಾಗಿ ಕಂಡಿತು. 41 ಗುಂಡು ಹಾರಿದವು, 19 ಅವನಿಗೆ ತಗುಲಿದವು. ಆತ ಉಳಿಯಲಿಲ್ಲ. ಕಂಡದ್ದು ಏನು ಎಂದು ಗುರುತಿಸಿ ಬೆರಳನ್ನು ತಡೆಹಿಡಿಯುವುದೂ ಮಿದುಳಿನ ಒಂದು ಕೆಲಸವೇ. ತರಬೇತಿಯಿಂದ ಅದೂ ಸುಧಾರಿಸುತ್ತದೆ ಎಂದು ಪ್ರಯೋಗಗಳು ತೋರಿಸಿವೆ.

ಇಷ್ಟಕ್ಕೆಲ್ಲ ಪ್ರತಿವಾರ ಫೈರಿಂಗ್ ರೇಂಜಿಗೆ ಹೋಗಬೇಕಿಲ್ಲ. ಸೆಳೆಯುವ ಚಲನೆಯನ್ನು ಮನೆಯಲ್ಲೇ, ಖಾಲಿ ಪಿಸ್ತೂಲಿನಲ್ಲಿ ರೂಢಿಸಿಕೊಳ್ಳುವವರಿದ್ದಾರೆ. ತೋಟಾಗಳೆಲ್ಲ ಬೇರೆ ಕೋಣೆಯಲ್ಲಿರಬೇಕು, ಪಿಸ್ತೂಲು ಖಾಲಿಯೆಂದು ಎರಡೆರಡು ಸಲ ನೋಡಿರಬೇಕು, ನಳಿಗೆ ಗುಂಡು ತೂರದ ಗೋಡೆಯತ್ತಲೇ ಇರಬೇಕು. ವಿವೇಚನೆಯ ಪಾಠಕ್ಕೆ ಮಾತ್ರ ಎದುರಿಗೆ ಮನುಷ್ಯರೇ ಬೇಕು. ಒಳ್ಳೆಯ ತರಬೇತುದಾರರು ಅದಕ್ಕಾಗಿ ಸಣ್ಣ ನಾಟಕಗಳನ್ನು ಕಟ್ಟುತ್ತಾರೆ: ಕತ್ತಲ ಪಾರ್ಕಿಂಗ್ ಜಾಗ, ಕೂಗಾಡುತ್ತ ಹತ್ತಿರ ಬರುವ ಅಪರಿಚಿತ, ಅವನ ಕೈ ಜೇಬಿನೊಳಗೆ. ಹೊರಬರುವುದು ಒಮ್ಮೆ ಚಾಕು, ಇನ್ನೊಮ್ಮೆ ಮೊಬೈಲು. ದೂರ ಸರಿದು, ಗಟ್ಟಿಯಾಗಿ ಮಾತಾಡಿ, ಕಾರು ಹತ್ತಿ ಹೊರಟುಹೋದ ಶಿಷ್ಯನೂ ಅಲ್ಲಿ ಪಾಸು.