ಜಾತಕ ಕೂಡಿದ ಮೇಲೆಯೇ ಬ್ಯಾಕಪ್



ಕುವೈತ್‌ನ ಕನ್ನಡಿಗರಲ್ಲಿ ಸರ್ವರ್ ನೋಡಿಕೊಳ್ಳುವವರು ಹಲವರಿದ್ದೇವೆ. ಕಚೇರಿ ಚಿಕ್ಕದಾದರೆ ಲೆಕ್ಕಪತ್ರದವರ ತಲೆಗೇ ಆ ಕೆಲಸವೂ ಬರುವುದುಂಟು. ಅಂಥವರಿಗೆ ಉಪಯೋಗವಾಗಲೆಂದು ಈ ನಾಲ್ಕು ಮಾತು.

ನನ್ನ ಕೆಲಸ ಮೈದಾನ್ ಹವಲ್ಲಿಯಲ್ಲಿ. ಹಾರ್ಡ್ ಡಿಸ್ಕ್ ಕೆಟ್ಟರೆ ಪಕ್ಕದ ಹವಲ್ಲಿಯ ಇಬ್ನ್ ಖಲ್ದೂನ್ ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಹೊಸದು ಸಿಗುತ್ತದೆ. ಆದರೆ ಅದರೊಳಗಿದ್ದ ಸಂಬಳದ ಪಟ್ಟಿ, ನೌಕರರ ಇಖಾಮಾ ವಿವರ, ವರ್ಷಗಳ ಲೆಕ್ಕ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. 2024ರ ಜೂನ್ ಬಿಸಿಲಿನಲ್ಲಿ ಇಲ್ಲಿ ಸರದಿಯ ಮೇಲೆ ವಿದ್ಯುತ್ ಕಡಿತವಾದಾಗ ನಮ್ಮ ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಬ್ಯಾಕಪ್‌ನದೇ ಮಾತು.

ಹೊಸ ಬ್ಯಾಕಪ್ ತಂತ್ರಾಂಶ ತಂದ ಮಾರಾಟಗಾರರು "ಐದು ನಿಮಿಷದ ಕೆಲಸ ಸಾರ್, ಸೆಟಪ್ ಒತ್ತಿಬಿಡಿ" ಎಂದರು. ನಾನು ಮೊದಲು ಅದು ಯಾವ ಯಾವ ಆಪರೇಟಿಂಗ್ ಸಿಸ್ಟಂಗೆ ಹೊಂದುತ್ತದೆಂಬ ಪಟ್ಟಿ ಕೇಳಿದೆ. ನಮ್ಮ ಹೊಸ ಸರ್ವರ್ ಪಟ್ಟಿಯಲ್ಲಿತ್ತು. ಲೆಕ್ಕವೆಲ್ಲ ಇದ್ದ ಹಳೆಯ ವಿಂಡೋಸ್ ಸರ್ವರ್ 2008 ಆರ್2 ಮಾತ್ರ ಇರಲಿಲ್ಲ!

ಇಷ್ಟೊಂದು ಜಾತಕ ನೋಡಬೇಕೆ ಎಂದು ನೀವು ಕೇಳಬಹುದು. ಪತ್ರ ಬರೆಯುವ ತಂತ್ರಾಂಶ ಆಪರೇಟಿಂಗ್ ಸಿಸ್ಟಂನ ಜಗಲಿಯಲ್ಲಿ ಕೂರುವ ಅತಿಥಿ. ಬ್ಯಾಕಪ್ ತಂತ್ರಾಂಶ ಹಾಗಲ್ಲ, ಅಡುಗೆಮನೆಗೇ ಹೋಗುತ್ತದೆ. ಬಳಕೆಯಲ್ಲಿರುವ ಫೈಲುಗಳ ಪ್ರತಿ ತೆಗೆಯಲು ವಿಂಡೋಸ್‌ನ ಶ್ಯಾಡೋ ಕಾಪಿ ಸೌಲಭ್ಯದ ನೆರವು ಪಡೆಯುತ್ತದೆ. ಎಷ್ಟೋ ತಂತ್ರಾಂಶಗಳು ತಮ್ಮದೇ ಡ್ರೈವರನ್ನೂ ಸೇರಿಸುತ್ತವೆ. ಅದು ಹೊಂದದಿದ್ದರೆ ಬ್ಯಾಕಪ್ ಕೆಡುವುದಿರಲಿ, ಸರ್ವರೇ ನಿಂತೀತು. ಲಿನಕ್ಸ್‌ನಲ್ಲೂ ಕೆಲವು ತಂತ್ರಾಂಶಗಳಿಗೆ ಕರ್ನೆಲ್ ಆವೃತ್ತಿ ಹೊಂದಲೇಬೇಕು.

ನೋಡಬೇಕಾದ್ದು ಇಷ್ಟು:

1. ಪೂರ್ತಿ ಹೆಸರು. 2008 ಬೇರೆ, 2008 ಆರ್2 ಬೇರೆ. ಮೊದಲನೆಯದರಲ್ಲಿ 32 ಬಿಟ್ ಆವೃತ್ತಿಯೂ ಇತ್ತು, ಎರಡನೆಯದು 64 ಬಿಟ್ ಮಾತ್ರ.

2. ಅಪ್‌ಡೇಟ್. ಎಸ್‌ಎಚ್‌ಎ-2 ಅಪ್‌ಡೇಟ್ ಹಾಕದ 2008 ಆರ್2, ಹೊಸ ಬಗೆಯ ಸಹಿಯುಳ್ಳ ಡ್ರೈವರುಗಳನ್ನು ನಂಬುವುದಿಲ್ಲ.

3. ವಯಸ್ಸು. ವಿಂಡೋಸ್ ಸರ್ವರ್ 2003ರ ವಿಸ್ತರಿತ ಬೆಂಬಲ ಮುಗಿದದ್ದು 2015ರ ಜುಲೈ 14ರಂದು, 2008 ಆರ್2ರದು 2020ರ ಜನವರಿ 14ರಂದು, 2012 ಆರ್2ರದು 2023ರ ಅಕ್ಟೋಬರ್ 10ರಂದು. ಸೆಂಟ್‌ಓಎಸ್ 7ರ ಆಯುಷ್ಯ 2024ರ ಜೂನ್ 30ಕ್ಕೆ ತೀರಿತು. ಆಮೇಲೆ ಬ್ಯಾಕಪ್ ತಯಾರಕರೂ ಒಬ್ಬೊಬ್ಬರಾಗಿ ಕೈಬಿಡುತ್ತಾರೆ.

4. ಎಲ್ಲಕ್ಕಿಂತ ಮುಖ್ಯವಾದದ್ದು, ನಾಳೆ ಆ ಬ್ಯಾಕಪ್ಪನ್ನು ಯಾವ ಸಿಸ್ಟಂನಲ್ಲಿ ತೆರೆಯುತ್ತೀರಿ ಎಂಬುದು.

ಈ ಕೊನೆಯದಕ್ಕೆ ಒಂದು ಉದಾಹರಣೆ. ಸರ್ವರ್ 2003ರಲ್ಲಿದ್ದ ಎನ್‌ಟಿ ಬ್ಯಾಕಪ್, ಬಿಕೆಎಫ್ ಎಂಬ ಫೈಲುಗಳನ್ನು ಮಾಡುತ್ತಿತ್ತು. ಸರ್ವರ್ 2008ರಲ್ಲಿ ಅದರ ಜಾಗಕ್ಕೆ ಬಂದ ಹೊಸ ಬ್ಯಾಕಪ್‌ಗೆ ಆ ಫೈಲುಗಳನ್ನು ಓದಲು ಬರುತ್ತಿರಲಿಲ್ಲ. ಅವನ್ನು ತೆರೆಯಲೆಂದೇ ಮೈಕ್ರೋಸಾಫ್ಟ್ ಬೇರೊಂದು ಸಾಧನ ಕೊಡಬೇಕಾಯಿತು. ಪೆಟ್ಟಿಗೆಯಲ್ಲಿ ಚಿನ್ನವಿದೆ, ಬೀಗದ ಕೈ ಮಾತ್ರ ಹಳೆ ಮನೆಯಲ್ಲಿದೆ ಎಂಬಂಥ ಪಾಡು. ಆದ್ದರಿಂದ "ಇನ್‌ಸ್ಟಾಲ್ ಆಗುತ್ತದೆಯೇ" ಎಂದು ಕೇಳಿದರೆ ಸಾಲದು, "ವಾಪಸು ಬರುತ್ತದೆಯೇ" ಎಂದೂ ಕೇಳಿ.

ನಮ್ಮಲ್ಲಿ ಹಳೆಯ ಸರ್ವರ್‌ಗೆ ಅದೇ ತಂತ್ರಾಂಶದ ಹಿಂದಿನ ಆವೃತ್ತಿ ಹಾಕಿಸಿದೆವು, ಅದರ ಪಟ್ಟಿಯಲ್ಲಿ 2008 ಆರ್2 ಇತ್ತು. ರಜೆಯ ಶುಕ್ರವಾರ ಬೇರೊಂದು ಯಂತ್ರಕ್ಕೆ ಎಲ್ಲವನ್ನೂ ಮರಳಿಸಿ, ಲೆಕ್ಕದ ಪುಸ್ತಕ ತೆರೆದು, ಕೊನೆಯ ತಿಂಗಳ ಸಂಬಳ ತಾಳೆ ನೋಡಿದೆವು. ಸರಿಹೋಯಿತು. ಹಾಗೆಂದು ಸುಮ್ಮನಾಗುವಂತಿಲ್ಲ, ಭದ್ರತಾ ಅಪ್‌ಡೇಟ್ ನಿಂತ ಸಿಸ್ಟಂನಲ್ಲಿ ಲೆಕ್ಕ ಇಡುವುದೇ ಅಪಾಯ. ಅದನ್ನು ಹೊಸ ಸರ್ವರ್‌ಗೆ ಸಾಗಿಸುವ ಕೆಲಸ ಈಗ ನಡೆದಿದೆ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ಬೇಡ. ತೋಡಿದ ಬಾವಿಯಲ್ಲಿ ನೀರಿದೆಯೇ ಎಂದೂ ಈಗಲೇ ಕೊಡ ಇಳಿಸಿ ನೋಡೋಣ. ನಿಮ್ಮ ಕಚೇರಿಯ ಅನುಭವಗಳನ್ನೂ ಬರೆದು ಕಳಿಸಿ, ಎಲ್ಲರಿಗೂ ಉಪಕಾರವಾದೀತು.