ಏಳೂವರೆಗೆ ಬರುವ ‘ಹುಚ್ಚು’

ಶಿವಮೊಗ್ಗ ಗಾಂಧಿಬಜಾರಿನ ದಿನಸಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಕಳೆದ ವಾರ ಒಂದು ಪಂಚಾಯ್ತಿ ನಡೆಯಿತು. ಆರೋಪಿ, ಎರಡೂವರೆ ತಿಂಗಳ ನಾಯಿಮರಿ. ಆರೋಪ, ಹುಚ್ಚು.

ಹಗಲೆಲ್ಲ ಮರಿ ಬಲು ಸಾಧು. ಅಂಗಡಿಯ ಗಲ್ಲದ ಕಾಲಿಗೆ ಕಟ್ಟಿಹಾಕಿದರೆ ಅಲ್ಲೇ ಇರುತ್ತದೆ. ಬೆಲ್ಲ ಕೊಳ್ಳಲು ಬಂದವರ ಮಕ್ಕಳು ಎತ್ತಿ ಮುದ್ದಾಡಿದರೂ ತಕರಾರಿಲ್ಲ. ರಾತ್ರಿ ಏಳೂವರೆಗೆ ಶಟರ್ ಎಳೆದು ಮನೆಗೆ ತಂದು ಹಗ್ಗ ಬಿಚ್ಚಿದರೋ, ಮೈಮೇಲೆ ದೇವರು ಬಂದಂತೆ ಎದ್ದಿತು ಅನ್ನಿ! ಕಿವಿ ಹಿಂದಕ್ಕೆ, ಸೊಂಟ ನೆಲಕ್ಕೆ. ಹಜಾರದಿಂದ ಅಡುಗೆಮನೆ, ಅಡುಗೆಮನೆಯಿಂದ ಹಿತ್ತಿಲು, ಹಿತ್ತಿಲಿಂದ ಮತ್ತೆ ಹಜಾರ. ನುಣುಪು ಟೈಲ್ಸ್ ಮೇಲೆ ಜಾರಿ ಗೋಡೆಗೆ ಡಿಕ್ಕಿ. ಟೀಪಾಯಿ ಮೇಲಿದ್ದ ಕಾಫಿ ಲೋಟ ಢಮಾರ್. ಲೆಕ್ಕ ಬರೆಯುತ್ತಿದ್ದ ಹುಡುಗನ ಪ್ಯಾಂಟಿನ ಅಂಚು ಹಿಡಿದು ಜಗ್ಗಾಟ. ಯಜಮಾನರು ಪೊರಕೆ ಹಿಡಿದು ಅಟ್ಟಿಸಿಕೊಂಡು ಹೋದಷ್ಟೂ ಅದರ ಓಟ ಜೋರು.

ಪಕ್ಕದ ಮನೆಯವರು ಕಿಟಕಿಯಲ್ಲಿ ನೋಡಿ ತೀರ್ಪು ಕೊಟ್ಟೇಬಿಟ್ಟರು: “ಹುಚ್ಚು ಹಿಡಿದಿದೆ ಸ್ವಾಮಿ. ಮನೇಲಿ ಮಕ್ಕಳಿದಾವೆ, ಸಾಗಹಾಕಿ.”

ಗೋಣಿಚೀಲ ಬಂತು. ಸ್ಕೂಟರ್ ಹೊರಗೆ ಬಂತು. ಬಸ್ ಸ್ಟ್ಯಾಂಡ್ ಹತ್ತಿರ ಬಿಟ್ಟರೆ ಹೋಟೆಲಿನವರು ಯಾರಾದರೂ ತುತ್ತು ಅನ್ನ ಹಾಕಿಯಾರು ಎಂಬುದು ಲೆಕ್ಕ.

ತಡೆದವರು ತೀರ್ಥಹಳ್ಳಿ ಕಡೆಯಿಂದ ಬಂದಿದ್ದ ಅಜ್ಜಿ. “ಎಂತ ಹುಚ್ಚು ಮಾರಾಯ? ಕೊಟ್ಟಿಗೆ ಕರು ಬಾಲ ಎತ್ಕಂಡು ಓಡಿದ್ರೆ ಅದಕ್ಕೂ ಹುಚ್ಚು ಅಂತೀಯಾ? ಹಗಲಿಡೀ ಕಟ್ಟಿ ಹಾಕಿದೀಯ, ಈಗ ಕುಣೀತದೆ. ಎಲ್ಲಾ ಒಂಚೂರು ಸುಮ್ನೆ ಕೂತ್ಕಳಿ.”

ಎಲ್ಲರೂ ಕೂತರು. ಮೂರು ನಿಮಿಷದಲ್ಲಿ ಮರಿಯೂ ಕೂತಿತು. ನೀರು ಕುಡಿದು, ಗೋಣಿಚೀಲದ ಮೇಲೇ ಉರುಳಿ ನಿದ್ದೆ ಹೋಯಿತು.

ಅಜ್ಜಿ ಹೇಳಿದ್ದಕ್ಕೆ ಇಂಗ್ಲಿಷಿನಲ್ಲಿ ದೊಡ್ಡ ಹೆಸರೇ ಇದೆ: ‘ಫ್ರೆನೆಟಿಕ್ ರ‍್ಯಾಂಡಮ್ ಆಕ್ಟಿವಿಟಿ ಪೀರಿಯಡ್’. ಇಷ್ಟುದ್ದ ಹೇಳಿ ಮುಗಿಸುವುದರೊಳಗೆ ಮರಿಯ ಓಟವೇ ಮುಗಿದಿರುತ್ತದೆ. ಅದಕ್ಕೇ ಸಾಕಿದವರು ‘ಜೂಮೀಸ್’ ಎಂದು ಚುಟುಕು ಮಾಡಿಕೊಂಡಿದ್ದಾರೆ. ಮರಿಗಳಲ್ಲಿ, ಪ್ರಾಯದ ನಾಯಿಗಳಲ್ಲಿ ಇದು ಸರ್ವೇಸಾಮಾನ್ಯ. ಸಂಜೆ ಹೊತ್ತು, ಸ್ನಾನ ಮಾಡಿಸಿದ ಮೇಲೆ, ಕಟ್ಟು ಬಿಚ್ಚಿದಾಗ ಹೆಚ್ಚು. ಮೈಯಲ್ಲಿ ಕೂಡಿಟ್ಟ ಕಸುವು ಒಂದೇ ಸಲಕ್ಕೆ ಖರ್ಚಾಗುವುದು, ಅಷ್ಟೇ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಹೊಳೆಯುವುದಿಲ್ಲ. ಈ ವಯಸ್ಸಿನ ಮರಿಗೆ ದಿನಕ್ಕೆ ಸುಮಾರು 18 ಗಂಟೆ ನಿದ್ದೆ ಬೇಕು. ಅಂಗಡಿಯಲ್ಲಿ ಗಿರಾಕಿ ಗಲಾಟೆ, ಎತ್ತಿ ಆಡಿಸುವವರ ಕಾಟ. ಆಟವೂ ಇಲ್ಲ, ನಿದ್ದೆಯೂ ಇಲ್ಲ. ನಿದ್ದೆಗೆಟ್ಟ ಕೂಸು ರಚ್ಚೆ ಹಿಡಿಯುತ್ತದೆ, ನಿದ್ದೆಗೆಟ್ಟ ಮರಿ ಓಡುತ್ತದೆ, ಕಚ್ಚುತ್ತದೆ.

ಹುಚ್ಚಾಟ ಬೇರೆ, ಹುಚ್ಚು ಬೇರೆ

ತಾಪತ್ರಯ ಬಂದಿರುವುದು ಒಂದು ಮಾತಿನಿಂದ. ಕನ್ನಡದಲ್ಲಿ ಮರಿಯ ಪುಂಡಾಟವೂ ಹುಚ್ಚು, ಪ್ರಾಣ ತೆಗೆಯುವ ರೇಬಿಸ್ಸೂ ಹುಚ್ಚು.

ಆಟದ ಹುಚ್ಚು ಬೇಗ ಬಂದು ಬೇಗ ಇಳಿಯುತ್ತದೆ. ನಡುವೆ ಮರಿ ಮುಂಗಾಲು ಚಾಚಿ, ಕುಂಡೆ ಮೇಲೆತ್ತಿ, ‘ಬಾ, ಹಿಡಿ’ ಎಂದು ಕರೆಯುತ್ತದೆ. ಆಮೇಲೆ ಎಂದಿನಂತೆ ತಿನ್ನುತ್ತದೆ, ಕುಡಿಯುತ್ತದೆ, ಮಲಗುತ್ತದೆ. ರೇಬಿಸ್ ಹಾಗಲ್ಲ. ಸ್ವಭಾವವೇ ಬದಲಾಗುತ್ತದೆ. ಜೊಲ್ಲು ಸುರಿಯುತ್ತದೆ, ನುಂಗಲಾಗುವುದಿಲ್ಲ, ದವಡೆ ಜೋಲುತ್ತದೆ, ದನಿ ಒಡೆಯುತ್ತದೆ, ಹಿಂಗಾಲು ಸೋಲುತ್ತದೆ, ಕಾರಣವಿಲ್ಲದೆ ಕಂಡದ್ದನ್ನೆಲ್ಲ ಕಚ್ಚುತ್ತದೆ. ಮತ್ತೆ ಸರಿಹೋಗುವ ಮಾತಿಲ್ಲ. ಲಕ್ಷಣ ಕಂಡ ಹತ್ತು ದಿನದೊಳಗೆ ನಾಯಿ ಸಾಯುವುದೇ ಹೆಚ್ಚು. ಇಂಥದ್ದರ ಸುಳಿವು ಸಿಕ್ಕರೆ ಮುಟ್ಟಬಾರದು. ಬಾಗಿಲು ಹಾಕಿ ಪಶುವೈದ್ಯರಿಗೆ ಹೇಳಬೇಕು. ಗೋಣಿಚೀಲಕ್ಕೆ ತುಂಬಲು ಹೋದವರಿಗೇ ಕಚ್ಚೀತು!

ಮರಿ ತಾನೇ, ಅದಕ್ಕೆಲ್ಲಿ ರೇಬಿಸ್ ಎಂಬ ಧೈರ್ಯವೂ ಬೇಡ. ಮರಿಗೂ ಬರುತ್ತದೆ. ಆಟದಲ್ಲೇ ಹಲ್ಲು ತಾಗಿ ಚರ್ಮ ಕಿತ್ತರೂ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ತೋರಿಸಬೇಕು. ಸುಣ್ಣ, ಅರಿಶಿನ, ಮೆಣಸಿನಪುಡಿ ಎಲ್ಲ ಅಂಗಡಿಯಲ್ಲೇ ಇರಲಿ. ಮರಿಗೆ ಮೂರು ತಿಂಗಳು ತುಂಬುತ್ತಲೇ ರೇಬಿಸ್ ಚುಚ್ಚುಮದ್ದು ಹಾಕಿಸಿ, ವೈದ್ಯರು ಹೇಳಿದಂತೆ ಮುಂದಿನವನ್ನೂ ತಪ್ಪಿಸಬಾರದು. ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜೇ ಇರುವ ಊರಿನಲ್ಲಿ ನಾಯಿರೋಗಕ್ಕೆ ಕಿಟಕಿಯಲ್ಲಿ ತೀರ್ಪು ಕೇಳುವುದೇಕೆ?

ಓಟಕ್ಕೆ ನಿಂತಾಗ ಮಾಡಬೇಕಾದದ್ದು ಕಡಿಮೆ, ಮಾಡಬಾರದ್ದೇ ಜಾಸ್ತಿ. ಅಟ್ಟಿಸಿಕೊಂಡು ಹೋಗಬಾರದು, ಅದರ ಪಾಲಿಗೆ ಅದೂ ಆಟ. ಕೂಗಾಡಬಾರದು, ಹೊಡೆಯಲಂತೂ ಬಾರದು. ಹೊಡೆತ ತಿಂದ ಮರಿ ಓಟ ಬಿಡುವುದಿಲ್ಲ, ಕೈ ಕಂಡರೆ ಕಚ್ಚುವುದನ್ನು ಕಲಿಯುತ್ತದೆ. ಬೀದಿ ಬಾಗಿಲು ಹಾಕಿರಬೇಕು, ಅದೇ ಮೊದಲು. ಸಿಟಿ ಬಸ್ ಓಡಾಡುವ ರಸ್ತೆಗೆ ಮರಿ ನುಗ್ಗಿದರೆ ಡ್ರೈವರ್ ಬ್ರೇಕ್ ಒತ್ತಿ ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸಬೇಕಾಗುತ್ತದೆ. ಟೈಲ್ಸ್ ಮೇಲೆ ಹಳೇ ಜಮಖಾನವೋ ಗೋಣಿಯೋ ಹಾಸಿದರೆ ಕಾಲು ಉಳುಕುವುದಿಲ್ಲ. ಪ್ಯಾಂಟು ಹಿಡಿದರೆ ಎಳೆದಾಡದೆ ಕಂಬದಂತೆ ನಿಂತು, ಗಂಟು ಹಾಕಿದ ಹಳೇ ಟವೆಲ್ಲು ಬಾಯಿಗೆ ಕೊಡಬೇಕು. ಮೂರೂವರೆ ತಿಂಗಳಿಂದ ಹಾಲುಹಲ್ಲು ಉದುರತೊಡಗುತ್ತದೆ. ಆಗ ಕಚ್ಚುವ ತೀಟೆ ಇನ್ನೂ ಹೆಚ್ಚು, ಟವೆಲ್ಲು ಎರಡಿರಲಿ.

ಅಷ್ಟಾದರೂ ದಿನಾ ಗಂಟೆಗಟ್ಟಲೆ ಬಾಲದ ಹಿಂದೆಯೇ ಗಿರಗಿರ ಸುತ್ತುತ್ತಿದ್ದರೆ, ಅದು ಆಟವಲ್ಲ. ವೈದ್ಯರಿಗೆ ತೋರಿಸಬೇಕು.

ಬಸ್ ಸ್ಟ್ಯಾಂಡಿನ ಲೆಕ್ಕ

ಬೆಳಗಿನ ಮೊದಲ ಬಸ್ಸಿಗೆ ಹೋಗುವವರನ್ನು ಕೇಳಿ. ಟೀ ಅಂಗಡಿಯ ಬೆಂಚಿನಡಿ ಎರಡು, ಮೂತ್ರಾಲಯದ ಗೋಡೆ ಪಕ್ಕ ಒಂದು, ಕೊರಳಲ್ಲಿ ಇನ್ನೂ ಕೆಂಪು ಪಟ್ಟಿ ಇದ್ದ ಹಾಗೇ ಮರಿಗಳು ಕೂತಿರುತ್ತವೆ. ಎಲ್ಲ ಬೀದಿಯಲ್ಲಿ ಹುಟ್ಟಿದವಲ್ಲ. ಕೆಲವು ಚಕ್ರಕ್ಕೆ ಸಿಗುತ್ತವೆ, ಕೆಲವು ವಾಂತಿಭೇದಿಗೆ ಹೋಗುತ್ತವೆ. ಚುಚ್ಚುಮದ್ದಿಲ್ಲದೆ ಬೆಳೆದು ಉಳಿದವು ವರ್ಷದ ಮೇಲೆ ಲಾಸ್ಟ್ ಬಸ್ಸಿಳಿದು ಬರುವವರನ್ನು ಅಟ್ಟುತ್ತವೆ. ಆಗ ನಗರಪಾಲಿಕೆಗೆ ಬೈಯುವವರ ಸಾಲಿನಲ್ಲಿ, ಗೋಣಿಚೀಲ ತಂದು ಸುರುವಿ ಹೋದವರೂ ಇರುತ್ತಾರೆ!

ಸಾಕಿದ ಪ್ರಾಣಿಯನ್ನು ಹಾಗೆ ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಕಾಯ್ದೆಯಲ್ಲಿ ಮೊದಲ ತಪ್ಪಿಗೆ ಬರೆದಿರುವ ದಂಡ 10 ರೂಪಾಯಿಯಿಂದ 50 ರೂಪಾಯಿ. ಗಂಡಹೆಂಡಿರ ಮಸಾಲೆ ದೋಸೆಗೂ ಸಾಲದ ದುಡ್ಡು. ಹೆದರುವವರು ಯಾರು?

ಗಾಂಧಿಬಜಾರಿನ ಮರಿಯ ಮೇಲಿನ ಮೊಕದ್ದಮೆ ಸದ್ಯಕ್ಕೆ ವಜಾ ಆಗಿದೆ. ಈಗ ಮಧ್ಯಾಹ್ನ ಅದನ್ನು ಅಂಗಡಿಗೆ ಒಯ್ಯುವುದಿಲ್ಲ, ಹಿತ್ತಿಲ ಕೋಣೆಯಲ್ಲಿ ಮಲಗಲು ಬಿಡುತ್ತಾರೆ. ಸಂಜೆ ಆರಕ್ಕೆ ಹುಡುಗ ಅದರ ಜತೆ ಹಿತ್ತಿಲಲ್ಲೇ ಹಗ್ಗ ಜಗ್ಗಾಡುತ್ತಾನೆ. ಏಳೂವರೆಯ ಓಟ ಪೂರ್ತಿ ನಿಂತಿಲ್ಲ, ಎರಡು ಸುತ್ತಿಗೆ ಇಳಿದಿದೆ. ಚುಚ್ಚುಮದ್ದಿನ ತಾರೀಖನ್ನು ಯಜಮಾನರು ಉದ್ರಿ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಾರೆ. ಚಪ್ಪಲಿಯನ್ನು ಮಾತ್ರ ಇನ್ನೂ ಅಟ್ಟದ ಮೇಲೇ ಇಡಬೇಕು.